ಮುಖದ ಗಡ್ಡೆ: ಮರುರಚನೆ ಅಲಂಕಾರವಲ್ಲ

ಅಂದಚಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಕ್ರಿಯೆಗೆ ಆರೋಗ್ಯವಿಮೆಯ ಹಣ ದೊರೆಯದೆಂಬುದು ತಿಳಿದ ಸಂಗತಿ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ನಿಯಮದಲ್ಲಿ ಇದಕ್ಕೊಂದು ಅಪವಾದವುಂಟು. ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ತರುವಾಯ ಅಂಗವನ್ನು ಮರಳಿ ರೂಪಿಸುವ ಶಸ್ತ್ರಕ್ರಿಯೆಯನ್ನು ‘ಅಲಂಕಾರ’ವೆಂದು ತಳ್ಳಿಹಾಕುವಂತಿಲ್ಲ. ಪರವೂರಿನಲ್ಲಿ ದುಡಿದುಣ್ಣುವ ನಮ್ಮವರು ಇದನ್ನು ಅರಿತಿರುವುದು ಲೇಸು.

ಚರ್ಮದ ಕ್ಯಾನ್ಸರುಗಳಲ್ಲಿ ಜಗತ್ತಿನಲ್ಲೇ ಅತಿ ಸಾಮಾನ್ಯವಾದ ‘ಬೇಸಲ್ ಸೆಲ್’ ಗಡ್ಡೆ ಬಿಳಿಯರಿಗಿಂತ ನಮ್ಮಲ್ಲಿ ವಿರಳವಾದರೂ ಇಲ್ಲದಿಲ್ಲ. ಅದು ಹೆಚ್ಚಾಗಿ ಹುಟ್ಟುವುದು ಮುಖದ ಮೇಲೆ, ಅದರಲ್ಲಿಯೂ ಮೂಗಿನ ಮೇಲೆ. ವಾರಗಳು ಕಳೆದರೂ ಮಾಯದ, ಆಗಾಗ ರಕ್ತ ಒಸರುವ ಸಣ್ಣ ಗುಳ್ಳೆ ಅದರ ಲಕ್ಷಣ. ದೇಹದ ಬೇರೆಡೆಗೆ ಹರಡುವುದು ಅಪೂರ್ವ. ಅಲಕ್ಷಿಸಿದರೆ ಮಾತ್ರ ಚರ್ಮದಡಿಯ ಎಲುಬನ್ನೂ ತಿನ್ನಬಲ್ಲುದು. ಗಿರಾಕಿಗಳೆದುರು ನಿಲ್ಲುವವನು, ಮುಖ ಕೆಟ್ಟರೆ ಕೆಲಸ ಹೋದೀತೆಂದು ಅಂಜಿ ಮುಲಾಮು ಹಚ್ಚುತ್ತ ಕಾಲ ತಳ್ಳುವುದು ಸಹಜ. ಆದರೆ ತಳ್ಳಿದಷ್ಟೂ ಕೊಯ್ಯಬೇಕಾದ ಭಾಗ ಹಿರಿದಾಗುತ್ತದೆ.

ಗಡ್ಡೆಯನ್ನು ಸುತ್ತಲಿನ ತುಸು ಒಳ್ಳೆಯ ಚರ್ಮದೊಡನೆ ತೆಗೆದು, ಅಂಚನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ವಾಡಿಕೆಯ ಕ್ರಮ. ಅಮೆರಿಕದ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ಪದರ ಪದರವಾಗಿ ತೆಗೆದು ನೋಡಿ, ರೋಗವುಳಿದೆಡೆ ಮಾತ್ರ ಮತ್ತೆ ಕೊಯ್ಯುತ್ತಾರೆ. ಬಳಿಕ ಮರುರಚನೆ. ಸಣ್ಣ ಗಾಯಕ್ಕೆ ಹೊಲಿಗೆ ಸಾಕು. ಮೂಗಿನ ಬಹುಭಾಗ ಹೋದಾಗ ಹಣೆಯ ಚರ್ಮವನ್ನು ರಕ್ತನಾಳ ಕಡಿಯದೆ ಕೆಳಗೆ ತಿರುಗಿಸಿ ಹೊಲಿದು, ಸುಮಾರು ಮೂರು ವಾರಗಳ ಮೇಲೆ ಬೇರ್ಪಡಿಸುತ್ತಾರೆ.

ಈ ವಿದ್ಯೆ ನಮಗೆ ಹೊಸದಲ್ಲ. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಕವಾಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ಹಣೆಯ ಚರ್ಮದಿಂದಲೇ ಮೂಗು ಕಟ್ಟಿದ ವೃತ್ತಾಂತ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅಲ್ಲಿನ ವೈದ್ಯ ಕಾರ್ಪ್ಯೂ ಅದೇ ಕ್ರಮವನ್ನು 1814ರಲ್ಲಿ ಅನುಸರಿಸಿದನು. ಗಾಡಿಯವನಿಗೂ ಮುಖ ಬೇಕಾದದ್ದು ಅಲಂಕಾರಕ್ಕಲ್ಲ, ಜನರ ನಡುವೆ ಬಾಳುವುದಕ್ಕೆ.

ಆದರೂ ಪಾಲಿಸಿಯೇ ಇಲ್ಲದವನಿಗೆ ಮೇಲಿನ ನಿಯಮದಿಂದ ಪ್ರಯೋಜನವೇನು? ಅವನಿಗೆ ಆಧಾರವಾಗಬಲ್ಲದ್ದು ಕಾರ್ಮಿಕ ರಾಜ್ಯವಿಮೆ. ಅದಕ್ಕೆ ಹಾಜರಿಪಟ್ಟಿಯಲ್ಲಿ ಹೆಸರಿರಬೇಕು. ಹೆಸರು ಬರೆಸದೆ ದುಡಿಸಿಕೊಳ್ಳುವ ಮಾಲಿಕರು ಕೆಲಸಗಾರನ ಮದ್ದಿನ ಹಕ್ಕನ್ನೇ ಕಸಿದಂತಾಗುತ್ತದೆ. ಪಾಲಿಸಿಯುಳ್ಳವರು ಮರುರಚನೆ ಅಗತ್ಯವೆಂಬ ವೈದ್ಯರ ಪ್ರಮಾಣಪತ್ರವನ್ನು ಮೊದಲೇ ಪಡೆಯಲಿ. ಎಲ್ಲಕ್ಕಿಂತ ಮೊದಲು, ಮಾಯದ ಹುಣ್ಣನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಲಿ.