ಕವಳ ಬಿಟ್ಟವರನ್ನು ಕಾಡುವ ಮಂಕು

ಶಿರಸಿ: ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಆರ್ಥಿಕತೆಗೆ ಅಡಿಕೆಯೇ ಆಧಾರ. ಇಲ್ಲಿ ಬೆಳೆಯುವ 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯೂ ದೊರೆತಿದೆ. ಅಡಿಕೆ ಮತ್ತು ಆರೋಗ್ಯದ ವಿಚಾರ ಬಂದಾಗಲೆಲ್ಲ ಚರ್ಚೆ ಕ್ಯಾನ್ಸರ್ ಹಾಗೂ ಧಾರಣೆಯ ಸುತ್ತಲೇ ಸುತ್ತುತ್ತದೆ. ಕವಳ ಅಥವಾ ಗುಟ್ಕಾ ಬಿಡಲು ಹೊರಟವರನ್ನು ಕಾಡುವ ಖಿನ್ನತೆಯಂಥ ಸ್ಥಿತಿ ಹೆಚ್ಚಾಗಿ ಕಡೆಗಣನೆಗೆ ಒಳಗಾಗಿದೆ.

ಅಡಿಕೆಯಲ್ಲಿರುವ ಅರೆಕೋಲಿನ್ ಒಂದು ಉತ್ತೇಜಕ. ಅಗಿದ ಕೆಲವೇ ನಿಮಿಷಗಳಲ್ಲಿ ಮೈ ಬಿಸಿಯಾಗಿ ಬೆವರುವುದು, ಮನಸ್ಸು ಚುರುಕಾಗುವುದು ಇದರಿಂದಲೇ. ಮಿದುಳಿನ ನರಕೋಶಗಳ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ರಾಸಾಯನಿಕ ಸಂದೇಶಗಳನ್ನು ಸ್ವೀಕರಿಸುವುದು ಅವುಗಳ ಕೆಲಸ. ತಂಬಾಕಿನ ನಿಕೋಟಿನ್ ಅಂಟಿಕೊಳ್ಳುವ ಗ್ರಾಹಕಗಳನ್ನೇ ಅರೆಕೋಲಿನ್ ಕೂಡ ಭಾಗಶಃ ಪ್ರಚೋದಿಸುತ್ತದೆ ಎಂಬುದನ್ನು ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಕವಳಕ್ಕೆ ತಂಬಾಕು ಸೇರಿದಾಗ ಎರಡೂ ವಸ್ತುಗಳು ಒಂದೇ ಬಾಗಿಲನ್ನು ತಟ್ಟುತ್ತವೆ.

ನಿತ್ಯವೂ ನಿಕೋಟಿನ್ ದೊರೆಯುತ್ತಿದ್ದರೆ ಈ ಗ್ರಾಹಕಗಳು ಜಡವಾಗುತ್ತವೆ, ಅವುಗಳ ಸಂಖ್ಯೆಯೂ ಹೆಚ್ಚುತ್ತದೆ. ಸೇವನೆಯನ್ನು ಹಠಾತ್ತನೆ ನಿಲ್ಲಿಸಿದಾಗ ಸಂತೋಷಕ್ಕೆ ಸಂಬಂಧಿಸಿದ ಡೋಪಮಿನ್ ಪ್ರಮಾಣ ಕುಗ್ಗುತ್ತದೆ. ನಿಕೋಟಿನ್ ನಿಲ್ಲಿಸಿದ ಇಲಿಗಳ ಮಿದುಳಿಗೆ ಮೊದಲಿನಷ್ಟೇ ಸುಖ ಸಿಗಲು ಹೆಚ್ಚಿನ ಪ್ರಚೋದನೆ ಬೇಕಾಯಿತು ಎಂಬ ವರದಿ 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಮನುಷ್ಯರಲ್ಲಿ ಇದು ಬೇಸರ, ಸಿಡುಕು, ನಿದ್ರಾಹೀನತೆ ಹಾಗೂ ಕೆಲಸದಲ್ಲಿ ನಿರಾಸಕ್ತಿಯಾಗಿ ಕಾಣಿಸುತ್ತದೆ. ಮೊದಲ ವಾರ ತೀವ್ರವಾಗಿರುವ ಈ ಲಕ್ಷಣಗಳು ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಗ್ಗುತ್ತವೆ. ತಂಬಾಕಿಲ್ಲದೆ ಅಡಿಕೆಯನ್ನಷ್ಟೇ ಅಗಿಯುವವರಲ್ಲೂ ಅವಲಂಬನೆ ದಾಖಲಾಗಿದೆ. ಆದರೆ ಆ ಕುರಿತ ಅಧ್ಯಯನಗಳು ಕಡಿಮೆ.

ನಿಷೇಧವೊಂದೇ ಸಾಲದು

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ರಾಜ್ಯ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲಾ ಮತ್ತು ತಂಬಾಕಿನ ಪೊಟ್ಟಣಗಳನ್ನು ಬೇರೆ ಬೇರೆಯಾಗಿ ಕೊಂಡು ಬೆರೆಸಿಕೊಳ್ಳುವ ದಾರಿ ಹಾಗೆಯೇ ಉಳಿಯಿತು. ಪೊಟ್ಟಣದ ಮೇಲಿನ ಎಚ್ಚರಿಕೆ ಮುಂದೆಂದೋ ಬರಬಹುದಾದ ರೋಗವನ್ನು ತೋರಿಸುತ್ತದೆ. ಬಿಟ್ಟ ಮೂರನೆಯ ದಿನ ಎದುರಾಗುವ ಮಂಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಮಂಕನ್ನು ತಾಳಲಾರದೆ ಮತ್ತೆ ಕವಳದ ಬಟ್ಟಲಿಗೆ ಕೈ ಹಾಕಿದವರಿಗೆ ಮನೆಯಲ್ಲಿ ಸಿಗುವುದು 'ಮನಸ್ಸು ಗಟ್ಟಿಯಿಲ್ಲ' ಎಂಬ ಮಾತು. ಇದು ಕೇವಲ ಮನೋದಾರ್ಢ್ಯದ ಪ್ರಶ್ನೆಯಲ್ಲ, ಮಿದುಳು ಹಳೆಯ ಸಮತೋಲಕ್ಕೆ ಮರಳುವ ಕಾಲಾವಧಿಯ ಪ್ರಶ್ನೆ.

ನೆರವಿನ ವ್ಯವಸ್ಥೆ ಇಲ್ಲದಿಲ್ಲ. ತಂಬಾಕು ತ್ಯಜಿಸಲು ಬಯಸುವವರಿಗಾಗಿ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲೂ ಸಲಹೆ ದೊರೆಯುತ್ತದೆ. ಮಾನಸಿಕ ಆರೋಗ್ಯಕ್ಕಾಗಿ 'ಟೆಲಿ ಮಾನಸ್' 14416 ಸೇವೆ 2022ರಲ್ಲಿ ಆರಂಭವಾಗಿದೆ. ಬೇಸರ ಎರಡು ವಾರ ಕಳೆದರೂ ತಗ್ಗದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ಕಾಯಬಾರದು.

ಬೆಳೆಗಾರರು ವಹಿವಾಟಿಗೆ ಬರುವ ಸಹಕಾರಿ ಸಂಘಗಳಲ್ಲಿ, ಆಶಾ ಕಾರ್ಯಕರ್ತೆಯರ ಮನೆಭೇಟಿಗಳಲ್ಲಿ ಈ ಮಾಹಿತಿ ತಲುಪಿಸುವುದು ಕಷ್ಟವಲ್ಲ. ಅಡಿಕೆಯ ಮಾನ ಕಾಯಲು ಹೋರಾಡುವ ನಾಡು, ಅದನ್ನು ಬಿಡಲು ಹೆಣಗುವವರ ಮೊದಲ ನಾಲ್ಕು ವಾರಗಳಿಗೂ ಆಸರೆಯಾಗಬೇಕಿದೆ.