ಹೇಳಿದ್ದು ಒಂದು, ಫೈಲಿಗೆ ಹೋದದ್ದು ಇನ್ನೊಂದು

ಒಮ್ಮೆ ನಮ್ಮ ಮೊಹಲ್ಲಾದ ಒಬ್ಬರು ಉಮ್ಮನ ಜೊತೆ ವಿಧವಾ ಪಿಂಚಣಿಯ ಕೆಲಸಕ್ಕೆ ಕಚೇರಿಗೆ ಹೋಗಿದ್ದೆ. ಅವರಿಗೆ ಬ್ಯಾರಿ ಬಿಟ್ಟರೆ ಬೇರೆ ಭಾಷೆ ಬಾರದು. "ಗಂಡ ತೀರಿಹೋಗಿ ಎಷ್ಟು ವರ್ಷ ಆಯ್ತು?" ಎಂದು ಅಧಿಕಾರಿ ಕೇಳಿದರು. ಉಮ್ಮ ಆ ಮಳೆಗಾಲ, ಆಸ್ಪತ್ರೆ, ಮಗಳ ಮದುವೆ ಎಲ್ಲವನ್ನೂ ಹೇಳಿದರು. ನಾನು ಮನಸ್ಸಲ್ಲೇ ಲೆಕ್ಕ ಹಾಕಿ "ಆರು ವರ್ಷ ಸರ್" ಅಂದೆ. ಹೊರಗೆ ಬಂದ ಮೇಲೆ ಉಮ್ಮ ಕೇಳಿದರು, "ಉಸ್ತಾದ್, ನಾನು ಹೇಳಿದ್ದೆಲ್ಲ ಅವರಿಗೆ ಹೇಳಿದ್ರಾ?"

ಪಿಂಚಣಿ ತಪ್ಪಿದರೆ ಇನ್ನೊಂದು ಅರ್ಜಿ ಹಾಕಬಹುದು. ಯುದ್ಧದಿಂದ ತಪ್ಪಿಸಿಕೊಂಡು ಯುರೋಪಿನಲ್ಲಿ ಆಶ್ರಯ ಕೇಳುವ ಅಫ್ಘಾನಿಗೋ ಸುಡಾನಿಗೋ ಆ ಅವಕಾಶ ಸುಲಭವಿಲ್ಲ. ಅನೇಕರ ಕೈಯಲ್ಲಿ ಕಾಗದಪತ್ರ ಇರುವುದಿಲ್ಲ. ಬಾಯಿಮಾತೇ ಸಾಕ್ಷಿ. ಆ ಮಾತು ಅಧಿಕಾರಿಯ ಕಿವಿಗೆ ಮುಟ್ಟುವುದು ದುಭಾಷಿಯ ಬಾಯಿಯಿಂದ, ಫೈಲಿನಲ್ಲಿ ಉಳಿಯುವುದು ಅಧಿಕಾರಿಯ ಭಾಷೆಯಲ್ಲಿ.

ಎಲ್ಲಿ ಎಡವುತ್ತದೆ ನೋಡಿ. ನಾವು ಚಿಕ್ಕಪ್ಪನ ಮಗನನ್ನೂ ತಮ್ಮ ಅನ್ನುತ್ತೇವೆ. ಇಂಥ ರೂಢಿ ಇರುವ ಊರಿನವನು "ನನ್ನ ತಮ್ಮನನ್ನು ಕೊಂದರು" ಅಂದರೆ ದುಭಾಷಿ ಒಡಹುಟ್ಟಿದ ತಮ್ಮ ಎಂದೇ ಹೇಳಿಬಿಡಬಹುದು. ಮೊದಲ ಅರ್ಜಿಯಲ್ಲಿ 'ಸೋದರರಿಲ್ಲ' ಎಂದು ಬರೆದಿದ್ದರೆ ಮುಗಿಯಿತು, ಅವನು ಸುಳ್ಳುಗಾರ. ತಾರೀಖಿನ ಕಥೆಯೂ ಅದೇ. ಅಫ್ಘಾನಿಸ್ತಾನದ ಸೌರ ಹಿಜರಿ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತದೆ. ತಾಲಿಬಾನ್ ಕಾಬೂಲಿಗೆ ನುಗ್ಗಿದ 2021ರ ಆಗಸ್ಟ್ 15 ಅವರಿಗೆ 1400ರ ಅಸದ್ 24. ಎರಡು ಸಂದರ್ಶನಗಳಲ್ಲಿ ಇಬ್ಬರು ದುಭಾಷಿಗಳು ಆ ಕ್ಷಣದಲ್ಲೇ ಲೆಕ್ಕ ಹಾಕಿ, ಒಬ್ಬರು ತಿಂಗಳು ತಪ್ಪಿದರೂ ಅದು ಅರ್ಜಿದಾರನ ತಲೆಗೆ ಬರುತ್ತದೆ. ನಾನು 'ಆರು ವರ್ಷ' ಅಂದ ಹಾಗೆ.

ಇನ್ನು ಭಾಷೆ. 'ಅರಬಿ' ಎಂದು ಬರೆದುಕೊಂಡರೆ ಸಾಕೇ? ಇಷ್ಟು ವರ್ಷ ಅರಬಿ ಕಲಿಸಿದ ನನಗೇ ಮೊರೊಕ್ಕೊದವರ ಆಡುಮಾತು ಅರ್ಥವಾಗದು. ಸುಡಾನಿನವನ ಎದುರು ಮೊರೊಕ್ಕೊದ ದುಭಾಷಿ, ಅಫ್ಘಾನಿಸ್ತಾನದ ದರಿ ಮಾತನಾಡುವವನ ಎದುರು ಇರಾನಿ ಕೂತರೆ ಅರ್ಧ ಮಾತು ಅಲ್ಲೇ ಸೋರಿಹೋಗುತ್ತದೆ. ಯುರೋಪ್ ಒಕ್ಕೂಟದ ನಿಯಮದಲ್ಲಿ ಅರ್ಜಿದಾರ ಬಯಸಿದ ಭಾಷೆಗೇ ಮೊದಲ ಸ್ಥಾನ. ಅವನಿಗೆ ಅರ್ಥವಾಗುವ, ಅವನು ಸ್ಪಷ್ಟವಾಗಿ ಮಾತನಾಡಬಲ್ಲ ಬೇರೊಂದು ಭಾಷೆ ಇದ್ದರೆ ಅದೂ ಆಗುತ್ತದೆ. ಆದರೆ 'ಸ್ಪಷ್ಟವಾಗಿ' ಎಂದು ತೀರ್ಮಾನಿಸುವವರು ಯಾರು? ಕುರ್ಚಿಯಲ್ಲಿ ಕೂತವರು.

"ನಿಮಗೆ ದುಭಾಷಿ ಅರ್ಥವಾಗುತ್ತಾರಾ?" ಎಂದು ಆರಂಭದಲ್ಲೇ ಕೇಳುತ್ತಾರೆ. ಆ ಪ್ರಶ್ನೆಯನ್ನು ತಲುಪಿಸುವುದೂ ಅದೇ ದುಭಾಷಿ! ಅವರ ಮುಖ ನೋಡಿಕೊಂಡು 'ಇಲ್ಲ' ಅನ್ನುವ ಧೈರ್ಯ ಎಷ್ಟು ಮಂದಿಗೆ ಇದೆ? ಆಕ್ಷೇಪಿಸಿದರೆ ಸಂದರ್ಶನ ಮುಂದಕ್ಕೆ ಹೋಗುತ್ತದೆ, ಅಧಿಕಾರಿಗೆ ಸಿಟ್ಟು ಬಂದೀತು ಎಂಬ ಭಯ. ಮಾನಭಂಗವಾದ ಹೆಣ್ಣುಮಗಳು ತನ್ನದೇ ಊರಿನ ಗಂಡಸು ದುಭಾಷಿಯ ಎದುರು ಬಾಯಿ ಬಿಡುವಳೇ? ಮಹಿಳಾ ದುಭಾಷಿಯನ್ನು ಕೇಳುವ ಹಕ್ಕು ಅದೇ ನಿಯಮದಲ್ಲಿದೆ, ಆದರೆ ಹಾಗೊಂದು ಹಕ್ಕು ಇದೆಯೆಂದು ಅವಳಿಗೆ ಗೊತ್ತಿರಬೇಕಲ್ಲ. ಗಂಟೆಗಟ್ಟಲೆ ಕೂತು ಸುಸ್ತಾದ ಮೇಲೆ ಬರೆದದ್ದನ್ನು ಓದಿ ಹೇಳುವಾಗ, ಬೇಗ ಮುಗಿದರೆ ಸಾಕೆಂದು ಸಹಿ ಹಾಕುವವರೇ ಹೆಚ್ಚೆಂದು ನನಗನ್ನಿಸುತ್ತದೆ.

ದುಭಾಷಿಯನ್ನು ಬೈದು ಪ್ರಯೋಜನವಿಲ್ಲ. ಅವರಲ್ಲೂ ಹಲವರು ಗಂಟೆ ಲೆಕ್ಕದ ಕೂಲಿಯವರು, ಕೆಲವರು ಸ್ವತಃ ನಿರಾಶ್ರಿತರಾಗಿ ಬಂದವರು. ನಾನಾದರೂ ಕೆಟ್ಟ ಮನಸ್ಸಿನಿಂದ ಉಮ್ಮನ ಮಾತು ಕತ್ತರಿಸಲಿಲ್ಲ, ಸಾಹೇಬರ ಸಮಯ ಹಾಳಾಗಬಾರದು ಅಂದುಕೊಂಡೆ ಅಷ್ಟೆ. ಬಲ ಯಾರ ಕಡೆಗಿದೆಯೋ ಆ ಕಡೆಗೆ ನಾಲಿಗೆ ತಾನಾಗಿ ವಾಲುತ್ತದೆ.

ಇದು ದೂರದ ದೇಶಗಳ ಮಾತು ಮಾತ್ರವೂ ಅಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಇಲ್ಲಿರುವ ರೋಹಿಂಗ್ಯರ ಅಹವಾಲು ಕೇಳುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ. ಅವರ ಭಾಷೆ ಚಿತ್ತಗಾಂಗಿನ ಮಾತಿಗೆ ಹತ್ತಿರ, ಹಾಗಂತ ಬಂಗಾಳಿ ಬಲ್ಲವರೆಲ್ಲ ಅದನ್ನು ತಿಳಿಯಲಾರರು. ಮಲಯಾಳಂ ಬಂದವರಿಗೆಲ್ಲ ಬ್ಯಾರಿ ಬರುತ್ತದೆ ಅಂದರೆ ನಾವು ಒಪ್ಪುತ್ತೇವಾ?

ಫ್ರಾನ್ಸಿನಲ್ಲಿ ಇಂಥ ಸಂದರ್ಶನದ ಧ್ವನಿಮುದ್ರಣ ಮಾಡುತ್ತಾರೆ. ಎಲ್ಲ ಕಡೆಯೂ ಅದು ಬರಬೇಕು. ಅರ್ಜಿ ತಿರಸ್ಕಾರವಾದರೆ ವಕೀಲರು ಇನ್ನೊಬ್ಬ ದುಭಾಷಿಗೆ ಅದನ್ನು ಕೇಳಿಸಿ, ಅವನು ನಿಜಕ್ಕೂ ಏನು ಹೇಳಿದ್ದ ಎಂದು ತಿಳಿಯಬಹುದು. ಖರ್ಚಾಗುತ್ತದೆ ಅನ್ನುವವರಿದ್ದಾರೆ. ಇವತ್ತು ಎಲ್ಲರ ಜೇಬಿನ ಮೊಬೈಲಲ್ಲೂ ಆ ಸೌಲಭ್ಯ ಇದೆ.