ಗಡಿಯಲ್ಲಿ ತಲೆ ಎಣಿಸಿದರೆ ಸಾಲದು, ದೂರವನ್ನೂ ಅಳೆಯಿರಿ

ಭಾರತದ ಭೂಪಟದ ಪೂರ್ವ ತುದಿಯಲ್ಲಿ, ಚೀನಾ ಮತ್ತು ಮ್ಯಾನ್ಮಾರ್ ಎರಡಕ್ಕೂ ತಾಗಿಕೊಂಡು ಅರುಣಾಚಲ ಪ್ರದೇಶದ ಅಂಜಾವ್ ಜಿಲ್ಲೆ ಇದೆ. ದೇಶದ ಮೊದಲ ಸೂರ್ಯೋದಯ ನೋಡೋಕೆ ಪ್ರವಾಸಿಗರು ಹೋಗುವ ಡೊಂಗ್, 1962ರ ಯುದ್ಧದಲ್ಲಿ ಹೆಸರಾದ ವಾಲೊಂಗ್, ಗಡಿಯಂಚಿನ ಕಿಬಿತು ಎಲ್ಲವೂ ಇಲ್ಲೇ. ಗಡಿ ಎಂದ ಕೂಡಲೇ ಟಿವಿ ಚರ್ಚೆಗಳು ಸೈನ್ಯದ ಲೆಕ್ಕ ಹಾಕುತ್ತವೆ. ಎಂಜಿನಿಯರಿಂಗ್ ಓದಿದ ನನಗೆ ಕಾಡುವುದು ಬೇರೆ ಲೆಕ್ಕ.

2011ರ ಜನಗಣತಿ ನೋಡಿ. ಅಂಜಾವ್‌ನ ವಿಸ್ತೀರ್ಣ 6,190 ಚದರ ಕಿಲೋಮೀಟರ್, ಜನಸಂಖ್ಯೆ 21,167. ವಿಸ್ತೀರ್ಣದಲ್ಲಿ ಅದಕ್ಕಿಂತ ಸ್ವಲ್ಪ ಚಿಕ್ಕದಾದ ನಮ್ಮ ಕೊಪ್ಪಳದಲ್ಲಿ 13,89,920 ಜನ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇರುವ ಮಾನದಂಡ ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಇದನ್ನೇ ಪಟ್ಟು ಹಿಡಿದರೆ ಇಡೀ ಅಂಜಾವ್‌ಗೆ ದಕ್ಕುವುದು ಒಂದೇ ಕೇಂದ್ರ! ಜಾರಿಯಲ್ಲಿ ಸಡಿಲಿಕೆ ಇರುತ್ತದೆ, ನಿಜ. ಆದರೆ ಸಡಿಲಿಕೆ ಅಂದರೆ ಹಕ್ಕಲ್ಲ, ವಿನಾಯಿತಿ ಅಷ್ಟೇ.

ಇದು ಕೊಪ್ಪಳದವರಿಗೆ ಅರ್ಥವಾಗದ ಮಾತೇನಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಅಲ್ಲಿಯವರೆಗೆ ಕುಷ್ಟಗಿ, ಯಲಬುರ್ಗಾದ ಜನ ಡಿಸಿ ಆಫೀಸಿನ ಕೆಲಸಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕಿತ್ತು. ಊರುಗಳು ಇದ್ದಲ್ಲೇ ಇದ್ದವು, ಕಚೇರಿ ಹತ್ತಿರ ಬಂತು. ಲೋಹಿತ್ ಜಿಲ್ಲೆಯಿಂದ ಅಂಜಾವ್ ಬೇರೆಯಾಗಿದ್ದು 2004ರಲ್ಲಿ. ಅಂಚು ಅನ್ನೋದನ್ನು ಭೂಗೋಳ ಅರ್ಧ ಮಾಡಿದರೆ, ಆಡಳಿತ ಇನ್ನರ್ಧ ಮಾಡುತ್ತದೆ.

ಸಂವಿಧಾನದಲ್ಲೂ ನಾವು ನೆರೆಹೊರೆಯವರೇ. 371ಜೆ ಕಲ್ಯಾಣ ಕರ್ನಾಟಕಕ್ಕೆ ಅಭಿವೃದ್ಧಿ ಮಂಡಳಿ ಮತ್ತು ಶಿಕ್ಷಣ, ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿಗೆ ದಾರಿ ಮಾಡಿತು. ಅರುಣಾಚಲದ 371ಎಚ್ ರಾಜ್ಯಪಾಲರಿಗೆ ಕಾನೂನು ಸುವ್ಯವಸ್ಥೆಯ ವಿಶೇಷ ಹೊಣೆ ಕೊಟ್ಟಿತು. ನಮ್ಮ ವಿಧಿ ಹಿಂದುಳಿದಿರುವುದನ್ನು ಗುರುತಿಸಿತು, ಅವರದ್ದು ಭದ್ರತೆಯನ್ನು.

2023ರ ಏಪ್ರಿಲ್ 10ರಂದು ಅಮಿತ್ ಶಾ ಕಿಬಿತುವಿನಲ್ಲೇ 'ವೈಬ್ರೆಂಟ್ ವಿಲೇಜಸ್' ಯೋಜನೆಗೆ ಚಾಲನೆ ಕೊಟ್ಟರು. ಉತ್ತರದ ಗಡಿ ಹಳ್ಳಿಗಳಿಗೆ ಮೀಸಲಿಟ್ಟ 4,800 ಕೋಟಿಯಲ್ಲಿ 2,500 ಕೋಟಿ ರಸ್ತೆಗಳಿಗೆ. ಜನ ಊರು ಬಿಡದಂತೆ ತಡೆಯುವುದು ಯೋಜನೆಯ ಗುರಿ. ರಸ್ತೆ ಬೇಕೇ ಬೇಕು, ತಕರಾರಿಲ್ಲ. ಆದರೆ ಮೇಷ್ಟ್ರಿಲ್ಲದ, ನರ್ಸ್ ಇಲ್ಲದ ಊರಿಗೆ ಒಳ್ಳೆ ರಸ್ತೆ ಬಂದರೆ ಏನಾಗುತ್ತೆ? ಊರು ಬಿಡೋದು ಇನ್ನೂ ಸಲೀಸಾಗುತ್ತೆ. ಗುಳೆ ಕಂಡ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಎಷ್ಟು ಕಿಲೋಮೀಟರ್ ಡಾಂಬರು ಬಿತ್ತು ಎಂದು ಕೇಳಿದರೆ ಸಾಲದು. ಹೆರಿಗೆ ನೋವು ಶುರುವಾದ ಹೆಣ್ಣುಮಗಳು ಎಷ್ಟು ನಿಮಿಷದಲ್ಲಿ ಆಸ್ಪತ್ರೆ ಸೇರುತ್ತಾಳೆ, ಹತ್ತನೇ ತರಗತಿ ಓದೋಕೆ ಮಗು ಊರು ಬಿಡಬೇಕಾ ಎಂದೂ ಕೇಳಬೇಕು. ಅನುದಾನಕ್ಕೆ ಜನಸಂಖ್ಯೆಯ ಜೊತೆ ಈ ಪ್ರಯಾಣದ ಸಮಯವೂ ಅಳತೆಗೋಲಾಗಲಿ. 371ಜೆಗಾಗಿ ಹೋರಾಡಿದ ನೆಲದವರು ಇದನ್ನು ಕೇಳದಿದ್ದರೆ ಇನ್ಯಾರು ಕೇಳುತ್ತಾರೆ?